ಚೆಂದದ ಮುಖ ನೆನಪಲ್ಲಿ ಉಳಿಯುತ್ತದಾ?

ಹೋದ ಸಂಚಿಕೆಯಲ್ಲಿ ಮರೆವಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮುಖಗಳ ಸುದ್ದಿಯೇ. ಯಾರ ಮುಖ ಉಳಿಯುತ್ತದೆ, ಯಾರದ್ದು ಜಾರಿಹೋಗುತ್ತದೆ, ಇದರಲ್ಲಿ ರೂಪದ ಪಾಲು ಎಷ್ಟು ಅಂತ. ಹಾಗಾಗಿ ಈ ಸಲ ಬೇರೆಯದನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಮೊದಲ ಪತ್ರ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ಒಂದು ಸಮಾರಂಭದಲ್ಲಿ ಸುಮಾರು ಇಪ್ಪತ್ತು ಹೊಸಬರ ಪರಿಚಯ ಆಯ್ತು. ವಾರ ಕಳೆದ ಮೇಲೆ ಹೆಂಡತಿ ಜೊತೆ ಕೂತು ಆ ದಿನದ ಫೋಟೊ ನೋಡುವಾಗ ನನಗೆ ಥಟ್ಟನೆ ಗುರುತು ಸಿಕ್ಕಿದ್ದು ಒಬ್ಬರದೇ. ಅವರು ನೋಡಲು ತುಂಬಾ ಚೆನ್ನಾಗಿದ್ದರು. ಹೆಂಡತಿ ಇನ್ನೂ ಆಡಿಕೊಂಡು ನಗುತ್ತಿದ್ದಾಳೆ. ಇದು ನನ್ನ ತಪ್ಪಾ, ಮೆದುಳಿನ ತಪ್ಪಾ?

ಉತ್ತರ: ಮೆದುಳಿನ ತಲೆಗೇ ಕಟ್ಟಿಬಿಡಿ. ಪುರಾವೆ ನಾನು ಕೊಡುತ್ತೇನೆ.

ಒಂದು ಮುಖ ಚೆನ್ನಾಗಿದೆಯಾ ಇಲ್ಲವಾ ಎಂದು ತೀರ್ಮಾನಿಸಲು ನಮಗೆ ಹೊತ್ತೇ ಬೇಕಿಲ್ಲ. 2006ರಲ್ಲಿ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಎಂಬ ಇಬ್ಬರು ಮುಖಗಳನ್ನು ಬರೀ 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು ತೋರಿಸಿ ಮರೆ ಮಾಡಿದರು. ಅಷ್ಟರಲ್ಲೇ ಜನ ಕೊಟ್ಟ ತೀರ್ಪು, ಸಾವಕಾಶವಾಗಿ ನೋಡಿದವರ ತೀರ್ಪಿಗೆ ಚೆನ್ನಾಗಿಯೇ ಹೊಂದಿಕೊಂಡಿತು. ಅಂದರೆ ನೀವು ಕೈಕುಲುಕಿ ಹೆಸರು ಕೇಳುವ ಮೊದಲೇ ಒಳಗೆ ಅಂಕ ಬಿದ್ದಾಗಿರುತ್ತದೆ.

ಆ ಅಂಕ ಎಲ್ಲಿ ಬೀಳುತ್ತದೆ ಅನ್ನೋದೇ ಕುತೂಹಲದ ಸಂಗತಿ. ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲ್ಭಾಗದಲ್ಲಿ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಎಂಬ ಜಾಗವಿದೆ. ಬಾಯಿಗೆ ರುಚಿ ಹತ್ತಿದಾಗ, ಕೈಗೆ ದುಡ್ಡು ಬಂದಾಗ ಚುರುಕಾಗುವ ಜಾಗ ಅದು. ಚೆಂದದ ಮುಖ ಕಂಡರೂ ಅದೇ ಚುರುಕಾಗುತ್ತದೆ, ಆ ಮುಖ ನಗುತ್ತಿದ್ದರೆ ಇನ್ನೂ ಜಾಸ್ತಿ. ಮೆದುಳಿನ ಲೆಕ್ಕದಲ್ಲಿ ಚೆಂದದ ಮುಖ ಅಂದರೆ ಒಂದು ಸಣ್ಣ ಬಹುಮಾನ.

ಈ ಬಹುಮಾನಕ್ಕೂ ನೆನಪಿಗೂ ಏನು ಸಂಬಂಧ? ಜಪಾನಿನ ತಕಾಶಿ ತ್ಸುಕಿಉರಾ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರೊಬೆರ್ಟೊ ಕಬೇಝ 2011ರಲ್ಲಿ ಇದನ್ನೇ ಕೆದಕಿದರು. ಜನರನ್ನು ಮೆದುಳಿನ ಯಾವ ಜಾಗ ಯಾವಾಗ ಚುರುಕಾಗುತ್ತದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಒಂದರ ಹಿಂದೆ ಒಂದು ಮುಖ ತೋರಿಸಿದರು, ಆಮೇಲೆ ಯಾವ ಮುಖ ನೆನಪಿದೆ ಎಂದು ಪರೀಕ್ಷೆ ಮಾಡಿದರು. ಚೆಂದದ ಮುಖಗಳೇ ಹೆಚ್ಚು ನೆನಪಿದ್ದವು. ಆದರೆ ಮುಖ್ಯ ಸಂಗತಿ ಅದಲ್ಲ. ಹೀಗೆ ಮುಂದೆ ನೆನಪಲ್ಲಿ ಉಳಿದ ಚೆಂದದ ಮುಖಗಳನ್ನು ನೋಡುವಾಗ, ಆ ಬಹುಮಾನದ ಜಾಗವೂ ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೋಕ್ಯಾಂಪಸ್ ಎಂಬ ಕಡಲಕುದುರೆ ಆಕಾರದ ಭಾಗವೂ ಹೆಚ್ಚು ಜೊತೆಜೊತೆಯಾಗಿ ಕೆಲಸ ಮಾಡಿದ್ದು ಕಂಡುಬಂತು. ಒಬ್ಬ 'ಇದು ಒಳ್ಳೆ ಮಾಲು' ಅನ್ನುತ್ತಾನೆ, ಇನ್ನೊಬ್ಬ ಎತ್ತಿ ಉಗ್ರಾಣಕ್ಕೆ ಹಾಕುತ್ತಾನೆ, ಹಾಗೆ ಅಂದುಕೊಳ್ಳಿ. ಈ ಯಂತ್ರ ಅಳೆಯುವುದು ರಕ್ತದ ಹರಿವಿನ ಏರಿಳಿತವನ್ನು, ಹಾಗಾಗಿ ಯಾರು ಯಾರಿಗೆ ಅಪ್ಪಣೆ ಕೊಟ್ಟರು ಅಂತ ಅದು ಸಾಕ್ಷಿ ಹೇಳಲಾರದು. ಇಬ್ಬರೂ ಒಟ್ಟಿಗೆ ಎದ್ದು ನಿಂತರು ಅಂತ ಮಾತ್ರ ಹೇಳುತ್ತದೆ.

ಇನ್ನೊಂದು ಸರಳವಾದ ಕಾರಣವೂ ಇದೆ. ಚೆನ್ನಾಗಿರುವವರನ್ನು ನಾವು ಜಾಸ್ತಿ ಹೊತ್ತು ನೋಡುತ್ತೇವೆ. 2001ರಲ್ಲಿ ಒಂದು ತಂಡ ಯುವಕರ ಮುಂದೆ ಕಂಪ್ಯೂಟರ್ ಇಟ್ಟು, ಗುಂಡಿ ಒತ್ತಿದರೆ ಪರದೆಯ ಮೇಲಿನ ಮುಖ ಇನ್ನಷ್ಟು ಹೊತ್ತು ನಿಲ್ಲುವ ಹಾಗೆ ಮಾಡಿತು. ಚೆಂದದ ಹೆಣ್ಣು ಮುಖಗಳಿಗಾಗಿ ಅವರು ಬೆರಳು ನೋಯುವವರೆಗೂ ಒತ್ತಿದರು. ಗಂಡಸರ ಮುಖ ಬಂದಾಗ 'ಚೆನ್ನಾಗಿದ್ದಾನೆ' ಅಂತ ಅಂಕವನ್ನೇನೋ ಕೊಟ್ಟರು, ಗುಂಡಿಯ ಸುದ್ದಿಗೆ ಹೋಗಲಿಲ್ಲ. ಮೆಚ್ಚುವುದು ಬೇರೆ, ಅದಕ್ಕಾಗಿ ದುಡಿಯುವುದು ಬೇರೆ. ನೀವೂ ಆ ದಿನ ಉಳಿದ ಹತ್ತೊಂಬತ್ತು ಮಂದಿಗಿಂತ ಅವರನ್ನು ಸ್ವಲ್ಪ ಜಾಸ್ತಿಯೇ ನೋಡಿರಬಹುದು. (ಈ ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಡಿ.)

ಒಂದು ಎಚ್ಚರಿಕೆ. ನಿಮ್ಮ ಲೆಕ್ಕದಲ್ಲಿ ನೆನಪಾದ ಚೆಂದದ ಮುಖ ಒಂದಿದೆ, ಸರಿ. ಮರೆತುಹೋದ ಚೆಂದದ ಮುಖಗಳು ಎಷ್ಟು? ಅವನ್ನು ನೀವು ಎಣಿಸೇ ಇಲ್ಲ, ಎಣಿಸೋಕೆ ಆಗೋದೂ ಇಲ್ಲ, ಮರೆತಿದ್ದೀರಲ್ಲ. ಮುಂದಿನ ಪತ್ರ ಅದರ ಬಗ್ಗೆಯೇ.

ಪ್ರಶ್ನೆ: ನನ್ನ ತಮ್ಮ ರೂಪವಂತ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಜನ ಎರಡನೇ ಸಲ ಸಿಕ್ಕಾಗ ಅವನಿಗೆ ಮತ್ತೆ ಪರಿಚಯ ಹೇಳಿಕೊಳ್ಳುತ್ತಾರೆ! ನನ್ನ ಮೂಗು ಸೊಟ್ಟ, ಹುಬ್ಬು ಎರಡೂ ಕೂಡಿಕೊಂಡಿದೆ. ನನ್ನನ್ನು ವರ್ಷಗಳ ಹಿಂದೆ ಒಂದೇ ಸಲ ನೋಡಿದವರೂ ಗುರುತು ಹಿಡಿಯುತ್ತಾರೆ. ಹೀಗ್ಯಾಕೆ?

ಉತ್ತರ: ನಿಮ್ಮ ಪತ್ರವೇ ಇಡೀ ವಿಷಯದ ಇನ್ನೊಂದು ಅರ್ಧ. ಮೊದಲ ಉತ್ತರ ಓದಿದವರು ಇದನ್ನೂ ಓದಲೇಬೇಕು, ಇಲ್ಲದಿದ್ದರೆ ತಪ್ಪು ಕಲಿತ ಹಾಗಾಗುತ್ತದೆ.

ಹಳೆಯ ಕಥೆಯಿಂದ ಶುರು ಮಾಡೋಣ. 1870ರ ದಶಕದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿಗೆ ಅಪರಾಧಿಗಳ ಮುಖದಲ್ಲಿ ಏನೋ ಸಮಾನ ಲಕ್ಷಣ ಇರಬೇಕು ಅನ್ನೋ ಹುಚ್ಚು ಹತ್ತಿತು. ಹಲವು ಅಪರಾಧಿಗಳ ಚಿತ್ರಗಳನ್ನು ಒಂದೇ ಫಲಕದ ಮೇಲೆ ಒಂದರ ಮೇಲೊಂದು ಮೂಡಿಸಿದ. ಭಯಂಕರ ಖೂಳನ ಮುಖ ಮೂಡಬೇಕಿತ್ತು. ಮೂಡಿದ್ದು ಅವರೆಲ್ಲರಿಗಿಂತ ಚೆನ್ನಾಗಿದ್ದ, ಸೌಮ್ಯವಾದ ಒಂದು ಮುಖ! ಒಬ್ಬೊಬ್ಬರ ಡೊಂಕೂ ಇನ್ನೊಬ್ಬರ ಡೊಂಕಿನಲ್ಲಿ ಕರಗಿಹೋಗಿತ್ತು. ನೂರು ವರ್ಷ ಕಳೆದ ಮೇಲೆ, 1990ರಲ್ಲಿ, ಜುಡಿತ್ ಲಾಂಗ್ಲೋಯಿಸ್ ಮತ್ತು ಲೋರಿ ರಾಗ್‌ಮನ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. 16 ಅಥವಾ 32 ಮುಖಗಳನ್ನು ಸೇರಿಸಿ ಸರಾಸರಿ ಮಾಡಿದ ಮುಖ, ಅದರೊಳಗಿನ ಬಹುಪಾಲು ಬಿಡಿ ಮುಖಗಳಿಗಿಂತ ಚೆಂದ ಅಂತ ಜನ ಹೇಳಿದರು.

ಅಂದರೆ ನಾವು ಚೆಂದ ಅನ್ನೋದರಲ್ಲಿ ದೊಡ್ಡ ಪಾಲು ಸರಾಸರಿತನ. ಯಾವುದೂ ಅತಿ ಇಲ್ಲ. ಮೂಗು ಮೂಗಿನಷ್ಟೇ, ಹುಬ್ಬು ಹುಬ್ಬಿನಷ್ಟೇ. ನೆನಪಿಗೆ ಇದೇ ಕಷ್ಟ. 1991ರಲ್ಲಿ ಟಿಮ್ ವ್ಯಾಲೆಂಟೈನ್ ಎಂಬ ಮನಃಶಾಸ್ತ್ರಜ್ಞ ಮುಂದಿಟ್ಟ ಒಂದು ಕಲ್ಪನೆ ಇದೆ. ನಮಗೆ ಗೊತ್ತಿರುವ ಮುಖಗಳೆಲ್ಲ ತಲೆಯೊಳಗೆ ಒಂದು ಬಯಲಿನಲ್ಲಿ ಹರಡಿಕೊಂಡಿವೆ, ಮಾಮೂಲಿ ಮುಖಗಳು ನಡುವೆ, ವಿಚಿತ್ರ ಮುಖಗಳು ಅಂಚಿನಲ್ಲಿ. ನಾನು ಇದನ್ನು ಒಂದು ಊರು ಅಂದುಕೊಳ್ಳುತ್ತೇನೆ. ಊರ ನಡುವೆ ಒತ್ತೊತ್ತಾಗಿ ಮನೆಗಳು, ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ಬಾಗಿಲು. ಅಲ್ಲಿ ಒಂದು ಮನೆ ಹುಡುಕೋಕೆ ಹೋದರೆ ಪಕ್ಕದ ಮನೆಯ ಬಾಗಿಲು ತಟ್ಟುತ್ತೀರಿ. ಊರಾಚೆಯ ಒಂಟಿಮನೆಗೆ ಕತ್ತಲಲ್ಲೂ ದಾರಿ ತಪ್ಪಲ್ಲ. ನಿಮ್ಮ ತಮ್ಮನ ಮುಖ ಪೇಟೆಯ ನಡುವಿನ ಮನೆ, ನಿಮ್ಮದು ಒಂಟಿಮನೆ. ವ್ಯಂಗ್ಯಚಿತ್ರಕಾರರಿಗೆ ಇದು ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಅವರು ಮೂಗನ್ನು ಇನ್ನೂ ಉದ್ದ ಎಳೆದು ಆ ಮನೆಯನ್ನು ಇನ್ನೂ ದೂರ ತಳ್ಳುತ್ತಾರೆ, ನಮಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಜರ್ಮನಿಯಲ್ಲಿ ಹೋಲ್ಗರ್ ವೀಸ ಮತ್ತವರ ಜೊತೆಗಾರರು 2014ರಲ್ಲಿ ಒಂದು ಜಾಣ ಕೆಲಸ ಮಾಡಿದರು. ಚೆಂದದ ಮುಖಗಳು ಮತ್ತು ಅಷ್ಟೇನೂ ಚೆಂದವಲ್ಲದ ಮುಖಗಳ ಎರಡು ಗುಂಪು ಮಾಡಿದರು. ಆದರೆ ವಿಶಿಷ್ಟತೆಯಲ್ಲಿ ಎರಡೂ ಸರಿಸಮ ಇರುವ ಹಾಗೆ ಆರಿಸಿಕೊಂಡರು, ಒಂಟಿಮನೆಗಳ ಲಾಭ ಯಾವ ಗುಂಪಿಗೂ ಸಿಗಬಾರದು ಅಂತ. ಗೆದ್ದದ್ದು ಚೆಂದವಲ್ಲದ ಮುಖಗಳೇ. ಚೆಂದದ ಮುಖಗಳ ವಿಷಯದಲ್ಲಿ ಜನ ಒಂದು ತಪ್ಪನ್ನು ಮತ್ತೆ ಮತ್ತೆ ಮಾಡಿದರು: ಮೊದಲು ತೋರಿಸಿರದ ಮುಖ ಬಂದಾಗಲೂ 'ಹೌದು, ನೋಡಿದ್ದೇನೆ' ಅಂದರು. ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯಲು ತಲೆಗೆ ಕಟ್ಟಿದ್ದ ತಂತಿಗಳಲ್ಲಿ, ಮನಸ್ಸನ್ನು ಕಲಕುವ ಚಿತ್ರಗಳಿಗೆ ಬರುವಂಥ ಅಲೆ ಚೆಂದದ ಮುಖಗಳಿಗೆ ಜಾಸ್ತಿಯೇ ಬಂದಿತ್ತು. ಗಮನ ಸೆಳೆಯಿತು, ಮುದ ಕೊಟ್ಟಿತು, ಗುರುತು ಮಾತ್ರ ಕೈಕೊಟ್ಟಿತು.

ಪ್ರಶ್ನೆ: ಒಬ್ಬರು ಚೆಂದದ ಮುಖ ನೆನಪಿರುತ್ತದೆ ಅಂತಾರೆ, ಇನ್ನೊಬ್ಬರು ಮರೆತುಹೋಗುತ್ತದೆ ಅಂತಾರೆ. ವಿಜ್ಞಾನಿಗಳು ಸುಮ್ನೆ ನಮ್ಮ ಸಮಯ ಹಾಳು ಮಾಡುತ್ತಿದ್ದಾರಾ?

(ಇದು ಹಳೆಯ ಓದುಗರೊಬ್ಬರ ಪತ್ರ. ಅವರಿಗೆ ಈ ಎರಡೂ ಅಧ್ಯಯನಗಳ ಸುದ್ದಿ ಮೊದಲೇ ಗೊತ್ತಿತ್ತು.)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲನೆಯದಾಗಿ ಚೆಂದದಲ್ಲೇ ಎರಡು ಥರ ಇದೆ. 1994ರಲ್ಲಿ ಡೇವಿಡ್ ಪೆರೆಟ್ ಮತ್ತು ಸಂಗಡಿಗರು ತುಂಬಾ ಚೆಂದದ ಮುಖಗಳನ್ನಷ್ಟೇ ಆರಿಸಿ ಸರಾಸರಿ ಮಾಡಿದಾಗ, ಎಲ್ಲರ ಸರಾಸರಿಗಿಂತ ಅದು ಇನ್ನೂ ಚೆಂದ ಅನ್ನಿಸಿತು. ಈ ಎರಡು ಸರಾಸರಿಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸಿದರೆ ಮತ್ತೂ ಚೆಂದ. ಅಂದರೆ ಪೇಟೆಯ ನಡುವಿನ ಅಚ್ಚುಕಟ್ಟಾದ ಚೆಂದ ಒಂದು, ಊರಾಚೆ ದೂರದಲ್ಲಿ ನಿಂತ ಅಪರೂಪದ ಚೆಂದ ಇನ್ನೊಂದು. ಎರಡನೆಯದು ಕಣ್ಣಿಗೂ ಬೀಳುತ್ತದೆ, ನೆನಪಲ್ಲೂ ಕೂರುತ್ತದೆ. ಯಾವ ಅಧ್ಯಯನದಲ್ಲಿ ಯಾವ ಥರದ ಚೆಂದ ಬಂತು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ ಅಂತ ನನ್ನ ಅನಿಸಿಕೆ.

ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 'ನೆನಪಿದೆ' ಅನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಸಂಗತಿಗಳಿವೆ. ಈ ಮನುಷ್ಯನನ್ನು ಇಂಥ ದಿನ ಇಂಥ ಕಡೆ ನೋಡಿದೆ ಅನ್ನೋದು ಒಂದು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನುವ ಬೆಚ್ಚಗಿನ ಭಾವ ಇನ್ನೊಂದು. ಚೆಂದ ಈ ಎರಡನೆಯದನ್ನು ಸುಮ್ನೆ ಉಬ್ಬಿಸುತ್ತದೆ. ಬೆನ್ವಾ ಮೋನಾ ಎಂಬ ಸಂಶೋಧಕ 2003ರಲ್ಲಿ ತೋರಿಸಿದ್ದು ಇದನ್ನೇ: ಚೆಂದದ ಮುಖಗಳು ಪೂರ್ತಿ ಹೊಸದಾಗಿದ್ದರೂ ಜನರಿಗೆ ಪರಿಚಿತ ಅನ್ನಿಸುತ್ತವೆ. ಪದೇ ಪದೇ ನೋಡಿದ್ದು ಇಷ್ಟವಾಗುತ್ತದೆ ಎಂದು ರಾಬರ್ಟ್ ಜಾಯಾನ್ಸ್ 1968ರಲ್ಲೇ ಹೇಳಿದ್ದರು. ಅದರ ತಿರುವುಮುರುವು ಇದು. ಇಷ್ಟವಾಯ್ತು, ಹಾಗಾದರೆ ಮೊದಲೇ ನೋಡಿರಬೇಕು ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ನನಗೇ ಆಗಿದೆ. ಒಮ್ಮೆ ರೈಲಿನಲ್ಲಿ ಎದುರಿಗೆ ಕೂತಿದ್ದ ಒಬ್ಬರನ್ನು ಕಂಡು 'ಅರೆ, ನೀವಾ!' ಎಂದು ನಕ್ಕು, ಕ್ಷೇಮ ಸಮಾಚಾರ ಕೇಳಿ, ಅವರೂ ಮರ್ಯಾದೆಗೆ ಉತ್ತರ ಕೊಡುತ್ತಾ ಹೋಗಿ, ಹತ್ತು ನಿಮಿಷ ಆದ ಮೇಲೆ ಇಬ್ಬರಿಗೂ ಒಬ್ಬರಿಗೊಬ್ಬರು ಪರಿಚಯವೇ ಇಲ್ಲ ಅಂತ ಖಾತ್ರಿಯಾಯ್ತು. ಇಳಿಯುವ ನಿಲ್ದಾಣ ಇನ್ನೂ ಎರಡು ಗಂಟೆ ದೂರ ಇತ್ತು.

ಪ್ರಶ್ನೆ: ಹಾಗಾದರೆ ತೀರಾ ವಿಕಾರ ಅನ್ನಿಸುವ ಮುಖ?

ಉತ್ತರ: ಅದೂ ಉಳಿಯುತ್ತದೆ. ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಭಯಕ್ಕೆ ಮಾತ್ರ ಮೀಸಲು ಅಂತ ತುಂಬಾ ಜನ ತಿಳಿದಿದ್ದಾರೆ. 2007ರ ಒಂದು ಅಧ್ಯಯನದಲ್ಲಿ ಅದು ತುಂಬಾ ಚೆಂದದ ಮುಖಕ್ಕೂ ಸ್ಪಂದಿಸಿತು, ಚೆಂದವೇ ಇಲ್ಲದ ಮುಖಕ್ಕೂ ಸ್ಪಂದಿಸಿತು. ನಡುವಿನವರಿಗೆ ಕಮ್ಮಿ. 1973ರಷ್ಟು ಹಿಂದೆಯೇ ಶೆಪರ್ಡ್ ಮತ್ತು ಎಲ್ಲಿಸ್ ಇದೇ ಸುಳಿವು ಕೊಟ್ಟಿದ್ದರು. ಮುಖ ತೋರಿಸಿ 35 ದಿನ ಬಿಟ್ಟು ಕೇಳಿದಾಗ, ಎರಡೂ ತುದಿಯ ಮುಖಗಳು ಉಳಿದಿದ್ದವು, ನಡುವಿನವು ಮಸುಕಾಗಿದ್ದವು. ನಮ್ಮಂಥ ನಡುವಿನವರ ಪಾಡು ಯಾವಾಗಲೂ ಇಷ್ಟೇ.

ಪ್ರಶ್ನೆ: ಯಾರು ಚೆಂದ ಅನ್ನೋದು ಅವರವರ ಕಣ್ಣಿಗೆ ಬಿಟ್ಟಿದ್ದಲ್ವಾ? ಎಲ್ಲರ ಮೆದುಳೂ ಒಂದೇ ಮುಖಕ್ಕೆ ಕುಣಿಯುತ್ತದಾ?

ಉತ್ತರ: ಅರ್ಧ ಹೌದು, ಅರ್ಧ ಇಲ್ಲ, ಇದು ನುಣುಚಿಕೊಳ್ಳುವ ಮಾತಲ್ಲ. ಹುಟ್ಟಿ ಕೆಲವೇ ದಿನಗಳಾದ ಕೂಸುಗಳ ಮುಂದೆ ಎರಡು ಮುಖ ಹಿಡಿದರೆ, ದೊಡ್ಡವರು ಚೆಂದ ಅಂದ ಮುಖವನ್ನೇ ಅವು ಜಾಸ್ತಿ ಹೊತ್ತು ನೋಡುತ್ತವೆ. ಅವುಗಳಿಗೆ ಯಾರೂ ಕಲಿಸಿರೋಲ್ಲ. ಆದರೆ 2015ರಲ್ಲಿ ಅವಳಿಗಳನ್ನು ಹೋಲಿಸಿ ನೋಡಿದಾಗ, ಒಬ್ಬೊಬ್ಬರ ಅಭಿರುಚಿ ಬೇರೆಯಾಗುವುದಕ್ಕೆ ಹುಟ್ಟಿಗಿಂತ ಬೆಳೆದ ಬಗೆ, ಕಂಡ ಜನ, ಉಂಡ ಅನುಭವ ಇವೇ ಹೆಚ್ಚಿನ ಕಾರಣ ಅಂತ ಗೊತ್ತಾಯ್ತು. ನಿಮ್ಮ ಮೆದುಳಿನ ಬಹುಮಾನದ ಜಾಗ ನಿಮ್ಮ ಬದುಕನ್ನು ನೋಡಿಯೇ ರುಚಿ ಕಲಿತಿದೆ.

ಪ್ರಶ್ನೆ: ಮುಖ ಚೆನ್ನಾಗಿ ನೆನಪಿರುತ್ತದೆ, ಹೆಸರು ಮಾತ್ರ ನಾಲಿಗೆ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ಚೆಂದದವರ ಹೆಸರಾದರೂ ನೆನಪಿರುತ್ತದಾ?

ಉತ್ತರ: ಚೆಂದಕ್ಕಿಂತ ನಗು ಕೆಲಸ ಮಾಡುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ತ್ಸುಕಿಉರಾ ಮತ್ತು ಕಬೇಝ ಅದಕ್ಕೂ ಮೊದಲು, 2008ರಲ್ಲಿ, ನಗುವ ಮುಖ ಮತ್ತು ನಗದ ಮುಖಗಳ ಜೊತೆ ಹೆಸರು ಕಲಿಸಿ ನೋಡಿದ್ದರು. ನಗುವವರ ಹೆಸರು ಹೆಚ್ಚು ನೆನಪಿತ್ತು. ಅಲ್ಲಿಯೂ ಅದೇ ಜೋಡಿ, ಬಹುಮಾನದ ಜಾಗ ಮತ್ತು ಹಿಪ್ಪೋಕ್ಯಾಂಪಸ್.

ಹೆಸರು ಮರೆಯುವುದಕ್ಕೆ ಬೇರೆಯೇ ಕಾರಣ ಇದೆ. ಇಂಗ್ಲಿಷಿನಲ್ಲಿ ಬೇಕರ್ ಅನ್ನೋದು ಮನೆತನದ ಹೆಸರೂ ಹೌದು, ಬ್ರೆಡ್ ಮಾಡುವ ಕಸುಬೂ ಹೌದು. ಒಂದೇ ಮುಖ ತೋರಿಸಿ ಕೆಲವರಿಗೆ 'ಇವರ ಹೆಸರು ಬೇಕರ್' ಎಂದೂ, ಬೇರೆಯವರಿಗೆ 'ಇವರು ಬೇಕರ್ ಕೆಲಸ ಮಾಡುತ್ತಾರೆ' ಎಂದೂ ಹೇಳಿದರೆ ಕಸುಬೇ ಜಾಸ್ತಿ ನೆನಪಿರುತ್ತದೆ. ಪದ ಒಂದೇ! ಕಸುಬು ಅಂದ ಕೂಡಲೇ ಒಲೆ, ಹಿಟ್ಟು, ವಾಸನೆ ಎಲ್ಲ ಬಂದು ಅಂಟಿಕೊಳ್ಳುತ್ತವೆ. ಹೆಸರಿಗೆ ಅಂಟಿಕೊಳ್ಳೋಕೆ ಏನೂ ಇಲ್ಲ.

ಪ್ರಶ್ನೆ: ಫೋಟೊಗೆ ಫಿಲ್ಟರ್ ಹಾಕಿ ಚೆಂದ ಮಾಡಿ ಹಾಕಿದರೆ ಜನ ನನ್ನನ್ನು ಹೆಚ್ಚು ನೆನಪಿಟ್ಟುಕೊಳ್ಳುತ್ತಾರಾ?

ಉತ್ತರ: ಉಲ್ಟಾ ಆಗೋ ಸಾಧ್ಯತೆಯೇ ಜಾಸ್ತಿ. ಫಿಲ್ಟರ್ ಅಳಿಸೋದು ಏನನ್ನು? ಮಚ್ಚೆ, ಗಾಯದ ಗುರುತು, ಕೆನ್ನೆಯ ಒಂದು ವಿಚಿತ್ರ ಮಡಿಕೆ. ಅಂದರೆ ನಿಮ್ಮ ಒಂಟಿಮನೆಯನ್ನು ಕಿತ್ತು ತಂದು ಪೇಟೆಯ ನಡುವೆ ಕೂರಿಸುತ್ತದೆ. ಅದೂ ಅಲ್ಲದೆ, ಪರಿಚಯ ಇಲ್ಲದವರ ಮುಖವನ್ನು ಬೇರೆ ಬೇರೆ ಫೋಟೊಗಳಲ್ಲಿ ಗುರುತಿಸೋದರಲ್ಲಿ ನಾವು ಮೊದಲೇ ಪೆದ್ದರು. 2011ರಲ್ಲಿ ರಾಬ್ ಜೆಂಕಿನ್ಸ್ ಮತ್ತು ಸಂಗಡಿಗರು ಹಾಲೆಂಡಿನ ಇಬ್ಬರು ಪ್ರಸಿದ್ಧರ ತಲಾ 20 ಫೋಟೊಗಳನ್ನು ಬ್ರಿಟನ್ನಿನ ಜನರಿಗೆ ಕೊಟ್ಟು, ಒಬ್ಬೊಬ್ಬರದ್ದನ್ನು ಒಂದೊಂದು ಗುಡ್ಡೆ ಮಾಡಿ ಅಂದರು. ಅವರ ಪರಿಚಯ ಇಲ್ಲದ ಜನ ಸರಾಸರಿ ಏಳೂವರೆ ಗುಡ್ಡೆ ಮಾಡಿದರು. ಇದ್ದದ್ದು ಇಬ್ಬರೇ. ನಿಜವಾದ ಫೋಟೊಗಳಿಗೇ ಈ ಗತಿ.

ಪ್ರಶ್ನೆ: ಅಪರಾಧ ಕಂಡ ಸಾಕ್ಷಿಗಳಿಗೂ ಇದು ಅನ್ವಯಿಸುತ್ತದಾ?

ಉತ್ತರ: ಅನ್ವಯಿಸದೆ ಇರುತ್ತದಾ? ಅಲ್ಲಿ 'ನೋಡಿದ ಹಾಗಿದೆ' ಎಂಬ ಭಾವಕ್ಕೆ ಬೆಲೆ ತೆರಬೇಕಾದವರು ಬೇರೆಯವರು. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಎಂದು ಸಾಬೀತಾದ ಕೈದಿಗಳ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸಾಕ್ಷಿ ತಪ್ಪು ಮುಖ ತೋರಿಸಿದ್ದ. ಅವೆಲ್ಲ ಚೆಂದದ ಕಾರಣಕ್ಕೆ ಆದದ್ದಲ್ಲ, ಹಾಗೆ ಓದಿಕೊಳ್ಳಬೇಡಿ. ಕತ್ತಲು, ಗಾಬರಿ, ಪೊಲೀಸರು ಮುಖಗಳನ್ನು ಸಾಲಾಗಿ ತೋರಿಸುವ ರೀತಿ, ಹೀಗೆ ನೂರು ಕಾರಣ. ಆದರೆ ಮಾಮೂಲಿ ಮುಖದವರು ಬೇರೆಯವರ ಜೊತೆ ಅದಲುಬದಲಾಗೋದು ಸುಲಭ ಅನ್ನೋದು ಇಲ್ಲಿಯೂ ನಿಜ.

ಪ್ರಶ್ನೆ: ನನಗೆ ಮುಖಗಳೇ ನೆನಪಿರಲ್ಲ. ಚೆಂದದವರದ್ದೂ ಇಲ್ಲ, ಯಾರದ್ದೂ ಇಲ್ಲ. ಅಕ್ಕಪಕ್ಕದವರು ನನ್ನನ್ನು ಜಂಬಗಾರ್ತಿ ಅಂದುಕೊಂಡಿದ್ದಾರೆ.

ಉತ್ತರ: ಇದು ಜಂಬವೂ ಅಲ್ಲ, ದಡ್ಡತನವೂ ಅಲ್ಲ. ಇದಕ್ಕೆ ಪ್ರೊಸೊಪಗ್ನೋಸಿಯಾ ಎಂಬ ಹೆಸರಿದೆ, 1947ರಲ್ಲಿ ಜರ್ಮನಿಯ ವೈದ್ಯ ಯೋಖಿಮ್ ಬೋಡಮರ್ ಇಟ್ಟದ್ದು. ಆತ ನೋಡಿದ್ದು ತಲೆಗೆ ಪೆಟ್ಟು ಬಿದ್ದವರನ್ನು, ಆದರೆ ಹುಟ್ಟಿನಿಂದಲೇ ಹೀಗಿರುವವರೂ ಇದ್ದಾರೆ. ಪ್ರಸಿದ್ಧ ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೂ ಇತ್ತು. ಕನ್ನಡಿಯಲ್ಲಿ ಕಂಡ ತಮ್ಮದೇ ಗಡ್ಡದ ಮುಖಕ್ಕೆ ಬೇರೆ ಯಾರೋ ಎಂದು ಕ್ಷಮೆ ಕೇಳಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಇಂಥವರು ದನಿ, ನಡಿಗೆ, ಕೂದಲು, ಬಟ್ಟೆ ಇವುಗಳಿಂದ ಗುರುತು ಹಿಡಿಯುತ್ತಾರೆ, ನೀವೂ ಗೊತ್ತಿಲ್ಲದೆ ಅದನ್ನೇ ಮಾಡುತ್ತಿರಬಹುದು. ಅಕ್ಕಪಕ್ಕದವರಿಗೆ ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ. ಈಚೆಗೆ ಏಕಾಏಕಿ ಶುರುವಾಗಿದ್ದರೆ ಮಾತ್ರ ತಡ ಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಇಷ್ಟೆಲ್ಲ ಹೇಳಿದಿರಿ. ಮುಖ ನೆನಪಿಟ್ಟುಕೊಳ್ಳೋಕೆ ಏನಾದರೂ ಉಪಾಯ ಹೇಳಿ.

ಉತ್ತರ: 1974ರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಗಾರ್ಡನ್ ಬೋವರ್ ಮತ್ತು ಮಾರ್ಟಿನ್ ಕಾರ್ಲಿನ್ ಮುಖಗಳನ್ನು ತೋರಿಸಿ, ಕೆಲವದರ ಬಗ್ಗೆ 'ಗಂಡಾ, ಹೆಣ್ಣಾ?' ಎಂದಷ್ಟೇ ಕೇಳಿದರು. ಇನ್ನು ಕೆಲವದರ ಬಗ್ಗೆ 'ಈ ಮನುಷ್ಯ ಪ್ರಾಮಾಣಿಕನಾ?' 'ಇಷ್ಟವಾಗುವಂಥವನಾ?' ಎಂದು ಕೇಳಿದರು. ಎರಡನೇ ಥರದ ಪ್ರಶ್ನೆ ಕೇಳಿಸಿಕೊಂಡ ಮುಖಗಳೇ ಆಮೇಲೆ ಹೆಚ್ಚು ನೆನಪಿದ್ದವು. ಆ ಪ್ರಶ್ನೆಗೆ ಸರಿ ಉತ್ತರ ಬೇಕಿಲ್ಲ, ಕೇಳಿಕೊಂಡರೆ ಸಾಕು.

ಹಾಗಾಗಿ ಹೊಸಬರನ್ನು ಕಂಡಾಗ ಮನಸ್ಸಿನಲ್ಲೇ ಕೇಳಿಕೊಳ್ಳಿ: ಇವರಿಗೆ ಸಾಲ ಕೊಟ್ಟರೆ ವಾಪಸ್ ಬರುತ್ತದಾ? ನಾನು ಈ ಒಂದು ಪ್ರಶ್ನೆಯಿಂದಲೇ ಎಷ್ಟೋ ಮುಖಗಳನ್ನು ಉಳಿಸಿಕೊಂಡಿದ್ದೇನೆ. ಮೊದಲ ಪತ್ರ ಬರೆದವರೂ ಮುಂದಿನ ಸಮಾರಂಭದಲ್ಲಿ ಇದನ್ನು ಉಳಿದ ಹತ್ತೊಂಬತ್ತು ಮಂದಿಯ ಮೇಲೆ ಪ್ರಯೋಗ ಮಾಡಿ ನೋಡಬಹುದು. ಆಗ ಕನಿಷ್ಠ ಫೋಟೊ ನೋಡುವಾಗ ಹೇಳೋಕೆ ಇನ್ನೂ ನಾಲ್ಕು ಹೆಸರಾದರೂ ಇರುತ್ತದೆ.